ಕಾಡು ಅಭಯಾರಣ್ಯವಾದ ಮೇಲೆ ಹಟ್ಟಿಯ ಕುರಿ ಎಲ್ಲಿ ಮೇಯಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಶಿರಾ ತಾಲ್ಲೂಕು, ಬುಕ್ಕಾಪಟ್ಟಣದ ಕಾಡಿನ ಅಂಚಿಗಿರುವ ಕಾಡುಗೊಲ್ಲರ ಹಟ್ಟಿ, 38 ಮನೆ. ತಾತನ ಕಾಲದಿಂದ ಕಾಡಂಚಿನಲ್ಲಿ ಎರಡು ಎಕರೆ ಹತ್ತು ಗುಂಟೆ ಉಳುತ್ತಿದ್ದೇವೆ. ರಾಗಿ, ಹುರುಳಿ ಹಾಕುತ್ತೇವೆ. ಹಟ್ಟಿಯಲ್ಲೆಲ್ಲಾ ಸೇರಿ ಸಾವಿರಕ್ಕೂ ಹೆಚ್ಚು ಕುರಿ, ಮೇಕೆ ಇವೆ. 2019ರಲ್ಲಿ ಕಾಡನ್ನು ಚಿಂಕಾರ (ಒಂದು ಜಾತಿಯ ಹುಲ್ಲೆ) ಅಭಯಾರಣ್ಯ ಎಂದು ಘೋಷಿಸಿದ ಮೇಲೆ ಗಾರ್ಡ್‌ಗಳು ಮಂದೆ ಒಳಗೆ ಬಿಡಬೇಡಿ ಎನ್ನುತ್ತಾರೆ, ಎರಡು ಸಲ ದಂಡ ಹಾಕಿದ್ದಾರೆ. ಅರಣ್ಯ ಹಕ್ಕಿಗೆ ಅಪ್ಪ ಹಾಕಿದ್ದ ಅರ್ಜಿಗೆ ‘75 ವರ್ಷದ ದಾಖಲೆ ಇಲ್ಲದ ಕಾರಣ ತಿರಸ್ಕರಿಸಿದೆ’ ಎಂಬ ಒಂದು ಸಾಲಿನ ಹಿಂಬರಹ ಬಂದಿತ್ತು. ಈಗ ಜಮೀನು ತೆರವು ಮಾಡಿ ಎಂದು ನೋಟಿಸ್ ಬಂದಿದೆ. ನೀವು ಎಸ್‌ಟಿ ಅಲ್ಲ, ಅಭಯಾರಣ್ಯದಲ್ಲಿ ಯಾರಿಗೂ ಹಕ್ಕಿಲ್ಲ, ಸುಪ್ರೀಂ ಕೋರ್ಟೇ ಹೇಳಿದೆ ಎನ್ನುತ್ತಾರೆ. ಚಿಂಕಾರ ಉಳಿಯಬೇಕು ಎನ್ನುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಕುರಿ ಮಾರಿಬಿಡಬೇಕಾ? ಜಮೀನು ಹೋದಂತೆಯೇ ಲೆಕ್ಕವಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ವಿಷಯಗಳು ಸಿಕ್ಕುಬಿದ್ದಿವೆ: ಉಳುಮೆಯ ಜಮೀನು, ಮಂದೆಯ ಮೇವು, ಜಾತಿಪಟ್ಟಿ, ಕೈಗೆ ಬಂದ ನೋಟಿಸ್. ಇವನ್ನೆಲ್ಲ ಒಟ್ಟಿಗೆ ಕಟ್ಟಿ ‘ಹಕ್ಕಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಕಚೇರಿಗಳ ರೂಢಿ. ಬಿಡಿಸಿ ನೋಡಿದರೆ ಒಂದೊಂದಕ್ಕೂ ಬೇರೆ ಸೆಕ್ಷನ್, ಬೇರೆ ಫಾರಂ, ಬೇರೆ ಗಡುವು. ಕುರಿ ಮಾರಬೇಡಿ, ಜಮೀನು ಹೋಯಿತೆಂದೂ ತಿಳಿಯಬೇಡಿ. ಆದರೆ ಸುಮ್ಮನೆ ಕೂತರೆ ಎರಡೂ ಹೋಗುತ್ತವೆ. ನೋಟಿಸಿಗೆ ದಿನಗಳ ಲೆಕ್ಕ ಇರುವುದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಅದು ಬಹುಮಟ್ಟಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 64ಎ ಕೆಳಗಿನ ನೋಟಿಸ್ ಇರಬೇಕು. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅವರಿಗಿಂತ ಮೇಲಿನ ಅಧಿಕಾರಿ ಮಾತ್ರ ಅದರ ಕೆಳಗೆ ತೆರವಿನ ಆದೇಶ ಮಾಡಬಹುದು, ಅದೂ ನಿಮಗೆ ಹೇಳಿಕೊಳ್ಳಲು ಅವಕಾಶ ಕೊಟ್ಟ ಮೇಲೆ. ನೋಟಿಸನ್ನು ತೆಗೆದುಕೊಳ್ಳಿ. ಬೇಡವೆಂದು ವಾಪಸ್ ಕಳಿಸಿದರೆ ಬಾಗಿಲಿಗೆ ಅಂಟಿಸಿ, ಜಾರಿಯಾಯಿತು ಎಂದು ಬರೆದುಕೊಂಡು ಹೋಗುತ್ತಾರೆ. ಅದರಲ್ಲಿ ಸರ್ವೆ ನಂಬರ್ ಯಾವುದು, ವಿಸ್ತೀರ್ಣ ಎಷ್ಟು, ಚೆಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಏನು, ವಿಚಾರಣೆ ಯಾವತ್ತು ಎಂದು ನೋಡಿ. ಎಷ್ಟೋ ನೋಟಿಸುಗಳಲ್ಲಿ ವಿಸ್ತೀರ್ಣ ತಪ್ಪಿರುತ್ತದೆ, ಅಥವಾ ಪಕ್ಕದವರ ಜಮೀನಿನ ಚೆಕ್ಕುಬಂದಿ ಇರುತ್ತದೆ. ಅದು ನಿಮ್ಮ ಉತ್ತರದ ಮೊದಲ ಅಂಶವಾಗಬೇಕು.

ಉತ್ತರ ಲಿಖಿತವಾಗಿರಲಿ, ಗಡುವಿನೊಳಗೆ ತಲುಪಲಿ, ಒಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅದರಲ್ಲಿ ಬರೆಯಬೇಕಾದದ್ದು ಇಷ್ಟು: ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ ದಿನಾಂಕ ಮತ್ತು ಸಂಖ್ಯೆ. ತಿರಸ್ಕಾರಕ್ಕೆ ವಿವರವಾದ ಲಿಖಿತ ಕಾರಣವನ್ನೂ ಮೇಲ್ಮನವಿಯ ಅವಕಾಶವನ್ನೂ ಕೊಟ್ಟಿಲ್ಲ ಎಂಬುದು. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(5)ರ ಪ್ರಕಾರ ಹಕ್ಕು ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸುವಂತಿಲ್ಲ ಎಂಬುದು. ಅರಣ್ಯ ಮತ್ತು ಕಂದಾಯ ಇಲಾಖೆಗಳ ಜಂಟಿ ಸರ್ವೆ ಆಗಬೇಕೆಂಬ ಕೋರಿಕೆ. ‘ಸ್ವಇಚ್ಛೆಯಿಂದ ಬಿಟ್ಟುಕೊಡುತ್ತೇನೆ’ ಎಂಬ ಮುಚ್ಚಳಿಕೆಗಾಗಲಿ ಖಾಲಿ ಹಾಳೆಗಾಗಲಿ ರುಜು ಹಾಕಬೇಡಿ. ಹೆಬ್ಬೆಟ್ಟು ಒತ್ತುವ ಹಿರಿಯರಿಗೆ ಇದನ್ನು ಇವತ್ತೇ ಹೇಳಿ. ವಿಚಾರಣೆಗೆ ತಪ್ಪದೆ ಹೋಗಿ. ಯಾರೂ ಬರಲಿಲ್ಲ ಎಂದು ಏಕಪಕ್ಷೀಯವಾಗಿ ಆದ ಆದೇಶವನ್ನು ಸರಿಪಡಿಸುವುದು ಬಲು ಕಷ್ಟ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಆದಾಯ ಕಡಿಮೆ ಇರುವವರಿಗೆ ನೆರವು ಉಚಿತ. ಅರ್ಜಿಯಲ್ಲಿ ನಿಮ್ಮ ತಾಯಿಯ ಹೆಸರೂ ಇದ್ದರೆ ಅವರ ಮೂಲಕವೇ ಕೇಳಬಹುದು.

ಸೆಕ್ಷನ್ 4(5)ರ ರಕ್ಷಣೆ ಎಲ್ಲಿಯವರೆಗೆ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಅದು ಪರಿಶೀಲನೆ ನಡೆಯುವವರೆಗೆ ಮಾತ್ರ. ತಿರಸ್ಕಾರವಾಯಿತು, ಪರಿಶೀಲನೆ ಮುಗಿಯಿತು ಎಂದು ಇಲಾಖೆ ವಾದಿಸುತ್ತದೆ. ಆದ್ದರಿಂದ ನೋಟಿಸಿಗೆ ಉತ್ತರ ಕೊಡುವ ವಾರದಲ್ಲೇ ತಿರಸ್ಕಾರದ ವಿರುದ್ಧದ ಅರ್ಜಿಯೂ ಹೋಗಿರಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಉತ್ತರಕ್ಕೆ ಬಲವಿರುವುದಿಲ್ಲ.

ಆ ಒಂದು ಸಾಲಿನ ಹಿಂಬರಹ

ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಿದ್ದುಪಡಿಯಾಗಿ ನಿಯಮ 12ಎ ಸೇರಿದೆ. ತಿರಸ್ಕರಿಸಿದರೆ, ಅಥವಾ ಕೇಳಿದ್ದಕ್ಕಿಂತ ಕಡಿಮೆ ಕೊಟ್ಟರೆ, ಕಾರಣವನ್ನು ವಿವರವಾಗಿ ಬರೆದು ಅರ್ಜಿದಾರನಿಗೆ ಖುದ್ದಾಗಿ ತಿಳಿಸಬೇಕು. ತಿಳಿಸಿದ ದಿನದಿಂದ 60 ದಿನದೊಳಗೆ ಮೇಲ್ಮನವಿ ಹಾಕಬಹುದು, ಇನ್ನೂ 30 ದಿನ ವಿಸ್ತರಿಸಲು ಅವಕಾಶವಿದೆ. ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಯ ತೀರ್ಮಾನದ ಮೇಲೆ ಜಿಲ್ಲಾ ಮಟ್ಟದ ಸಮಿತಿಗೆ. ಶಿರಾ ತಾಲ್ಲೂಕು ಮಧುಗಿರಿ ಉಪವಿಭಾಗಕ್ಕೆ ಸೇರಿರುವುದರಿಂದ ನಿಮ್ಮ ಕಡತ ಮಧುಗಿರಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಇರಬೇಕು. ಮೊದಲು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, ಕಡತದ ಎಲ್ಲ ಹಾಳೆಗಳ ದೃಢೀಕೃತ ಪ್ರತಿ ಕೇಳಿ: ಗ್ರಾಮಸಭೆಯ ನಡವಳಿ, ಸ್ಥಳ ಮಹಜರು, ಸಮಿತಿ ಸಭೆಯ ನಡವಳಿ, ಟಿಪ್ಪಣಿ ಹಾಳೆ. ಸ್ಥಳಕ್ಕೆ ಬಾರದೆಯೇ ಬರೆದ ಮಹಜರು, ಹತ್ತಾರು ಅರ್ಜಿಗಳಿಗೆ ಒಂದೇ ವಾಕ್ಯದ ತಿರಸ್ಕಾರ, ಗ್ರಾಮಸಭೆ ಒಪ್ಪಿದ್ದರೂ ಮೇಲೆ ಕೈಬಿಟ್ಟದ್ದು, ಇಂಥವೆಲ್ಲ ಆ ಹಾಳೆಗಳಲ್ಲೇ ಸಿಗುತ್ತವೆ. ಕಾರಣವನ್ನು ವಿವರವಾಗಿ ತಿಳಿಸದ ತಿರಸ್ಕಾರಕ್ಕೆ 60 ದಿನದ ಗಡುವು ಓಡಲಾರಂಭಿಸಿಲ್ಲ ಎಂಬುದು ನಿಮ್ಮ ವಾದವಾಗಬೇಕು.

ಸುಪ್ರೀಂ ಕೋರ್ಟಿನ ಮಾತಿಗೆ ಬರೋಣ. 2019ರ ಫೆಬ್ರುವರಿ 13ರಂದು, ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡಿಸುವಂತೆ ಆದೇಶವಾಗಿದ್ದು ನಿಜ. ಅದೇ ತಿಂಗಳ 28ರಂದು ನ್ಯಾಯಾಲಯವೇ ಅದಕ್ಕೆ ತಡೆ ಕೊಟ್ಟಿತು, ತಿರಸ್ಕಾರದ ಪ್ರಕ್ರಿಯೆ ಸರಿಯಾಗಿ ನಡೆದಿತ್ತೇ ಎಂದು ರಾಜ್ಯಗಳು ವಿವರ ಕೊಡಬೇಕಾಯಿತು. ಊರಿಗೆ ಬರುವಾಗ ಮೊದಲನೆಯ ಆದೇಶ ಬರುತ್ತದೆ, ಎರಡನೆಯದು ಬರುವುದಿಲ್ಲ. ಇನ್ನೊಂದು, 2000ದ ಫೆಬ್ರುವರಿ 14ರ ಆದೇಶ. ಅಭಯಾರಣ್ಯಗಳಿಂದ ಒಣಮರ, ಹುಲ್ಲು ತೆಗೆಯಬಾರದು ಎಂದು ಅದರಲ್ಲಿದೆ. ಮೇಯಿಸುವುದಕ್ಕೂ ಅದನ್ನೇ ತೋರಿಸುತ್ತಾರೆ. ಆರು ವರ್ಷದ ನಂತರ ಬಂದ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(1), ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ ಹಕ್ಕುಗಳನ್ನು ಮಾನ್ಯ ಮಾಡಿದೆ ಎಂದು ಹೇಳುತ್ತದೆ. ಆದರೆ ಹಕ್ಕು ದಾಖಲಾಗದೆ ಬಾಯಿಮಾತಿನಲ್ಲಿ ಇರುವಷ್ಟು ದಿನವೂ ಗಾರ್ಡ್ ಹಳೆಯ ಆದೇಶವನ್ನೇ ತೋರಿಸುತ್ತಾನೆ, ಅವನ ಮೇಲಿನವರೂ ಅದನ್ನೇ ಕೇಳುತ್ತಾರೆ.

ಅಭಯಾರಣ್ಯದಲ್ಲಿ ಹಕ್ಕಿಲ್ಲ ಎಂಬುದು ತಪ್ಪು ತಿಳಿವಳಿಕೆ. ಕಾಯ್ದೆಯಲ್ಲಿ ಅರಣ್ಯ ಭೂಮಿ ಎಂದರೆ ಯಾವುದು ಎಂದು ಹೇಳುವಾಗ ಮೀಸಲು ಅರಣ್ಯದ ಜೊತೆಗೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳನ್ನೂ ಹೆಸರಿಸಿದ್ದಾರೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆಯೇ, 2011ರಲ್ಲಿ, ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿಯ ಕಾಡಿನಲ್ಲಿ ಸಾಧ್ಯವಾದದ್ದು ಚಿಂಕಾರದ ಕಾಡಿನಲ್ಲಿ ಅಸಾಧ್ಯವಲ್ಲ.

ಅಭಯಾರಣ್ಯ ಮಾಡುವಾಗ ನಿಮ್ಮನ್ನು ಯಾರೂ ಕೇಳಲಿಲ್ಲ ಏಕೆ ಎಂಬುದೂ ತಿಳಿದಿರಲಿ. ವನ್ಯಜೀವಿ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಜನರ ಹಕ್ಕುಗಳ ವಿಚಾರಣೆ ಮಾಡಬೇಕೆಂಬ ಸೆಕ್ಷನ್‌ಗಳಿವೆ. ಆದರೆ ಆ ಜಾಗ ಮೊದಲೇ ಮೀಸಲು ಅರಣ್ಯವಾಗಿದ್ದರೆ ಸೆಕ್ಷನ್ 26ಎ ಪ್ರಕಾರ ಆ ವಿಚಾರಣೆಯಿಲ್ಲದೆ ನೇರವಾಗಿ ಘೋಷಿಸಬಹುದು. ಮೀಸಲು ಮಾಡಿದಾಗಲೇ ಹಕ್ಕುಗಳು ಇತ್ಯರ್ಥವಾಗಿವೆ ಎಂಬುದು ಅದರ ಹಿಂದಿನ ನಂಬಿಕೆ. ನಮ್ಮ ಕಡೆಯ ಹಳೆಯ ಅರಣ್ಯಗಳು ಮೈಸೂರು ಸಂಸ್ಥಾನದ ಕಾಲದಲ್ಲಿ, 1900ರ ಅರಣ್ಯ ರೆಗ್ಯುಲೇಷನ್ ಕೆಳಗೆ ಮೀಸಲಾದಂಥವು. ಮಂದೆ ಹೊಡೆದುಕೊಂಡು ಊರೂರು ತಿರುಗುವ ಕುರಿಗಾಹಿ ಆ ಕಾಲದಲ್ಲಿ ಯಾವ ಕಚೇರಿಗೆ ಹೋಗಿ ಹಕ್ಕು ಹೇಳಿಕೊಂಡಾನು? ಈ ಅನ್ಯಾಯವನ್ನು ಸರಿಪಡಿಸುವುದಕ್ಕೆಂದೇ 2006ರ ಕಾಯ್ದೆ ಬಂದದ್ದು, ಅದರ ಪೀಠಿಕೆಯಲ್ಲೇ ಆ ಮಾತಿದೆ. ಅಂದಿನ ಮೀಸಲು ಅಧಿಸೂಚನೆ, ಅದರ ಜೊತೆಗಿನ ಸೆಟ್ಲ್‌ಮೆಂಟ್ ಕಡತಗಳ ಪ್ರತಿ ಕೇಳಿ. ಕಾಡಿನ ಮೂಲಕ ಹೋಗುವ ದಾರಿ, ಮೇವು, ನೀರು, ದೇವಸ್ಥಾನಕ್ಕೆ ಬಿಟ್ಟ ಜಾಗ ಇಂಥವು ಅದರಲ್ಲಿ ನಮೂದಾಗಿದ್ದರೆ ನಿಮಗೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಎಸ್‌ಟಿ ಅಲ್ಲದವರ 75 ವರ್ಷ

ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ರಾಜ್ಯದ ಶಿಫಾರಸು ಇದೆ, ಪಟ್ಟಿಗೆ ಸೇರಿಲ್ಲ. ಆದ್ದರಿಂದ ಈಗ ನೀವು ‘ಇತರೆ ಪಾರಂಪರಿಕ ಅರಣ್ಯವಾಸಿ’ಗಳಾಗಿಯೇ ಅರ್ಜಿ ಹಾಕಬೇಕು. ಎಸ್‌ಟಿ ಆಗುವವರೆಗೆ ಕಾಯೋಣ ಎಂದು ಕೂತ ಹಟ್ಟಿಗಳಿವೆ, ಕಾದು ಏನೂ ಲಾಭವಿಲ್ಲ.

ಇಲ್ಲಿ ಎರಡು ಷರತ್ತುಗಳನ್ನು ಕಲಸಿಬಿಟ್ಟಿದ್ದಾರೆ. ಒಂದು, ನೀವು ಅಥವಾ ನಿಮ್ಮ ಸಮುದಾಯ 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷ, ಅರಣ್ಯವನ್ನು ನೆಚ್ಚಿ ಅಲ್ಲೇ ವಾಸವಿದ್ದಿರಬೇಕು. ಎಂದರೆ 1930ರ ಆಚೆಗೆ ಹೋಗಬೇಕು. ಇನ್ನೊಂದು, ಕೇಳುವ ಜಮೀನು 2005ರ ಡಿಸೆಂಬರ್ 13ಕ್ಕೆ ಮುಂಚೆ ನಿಮ್ಮ ಸ್ವಾಧೀನದಲ್ಲಿರಬೇಕು. ಅದೇ ಎರಡು ಎಕರೆ ಹತ್ತು ಗುಂಟೆಯನ್ನು 75 ವರ್ಷದಿಂದ ಉತ್ತ ದಾಖಲೆ ತನ್ನಿ ಎಂದು ಕಾಯ್ದೆ ಎಲ್ಲೂ ಕೇಳುವುದಿಲ್ಲ. ಸಮುದಾಯ ಎಂಬ ಮಾತು ಕಾಯ್ದೆಯಲ್ಲೇ ಇರುವುದರಿಂದ, ಹಟ್ಟಿ ಹಳೆಯದು ಎಂದು ಒಮ್ಮೆ ಸಾಬೀತಾದರೆ 38 ಮನೆಗೂ ಅದೇ ಸಾಕ್ಷ್ಯ ಆಗುತ್ತದೆ. ಮನೆಮನೆಯೂ ಬೇರೆ ಬೇರೆ ಕಾಗದ ಹುಡುಕಿ ಸುಸ್ತಾಗುವ ಬದಲು ಹಟ್ಟಿಗೆ ಒಂದು ಗಟ್ಟಿ ಕಡತ ಕಟ್ಟಿ.

ಆ ಕಡತದಲ್ಲಿ ಏನಿರಬೇಕು ಎಂಬುದು ನಿಯಮ 13ರಲ್ಲಿದೆ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಇರಬೇಕು, ಇಂಥದ್ದೇ ಕಾಗದ ಬೇಕೆಂದು ಸಮಿತಿ ಹಠ ಹಿಡಿಯುವಂತಿಲ್ಲ. ಉಪಗ್ರಹ ಚಿತ್ರ ಪೂರಕ ಮಾತ್ರ, ಬೇರೆ ಸಾಕ್ಷ್ಯಗಳ ಬದಲಿಗೆ ಅದನ್ನು ಬಳಸುವಂತಿಲ್ಲ. ಹುರುಳಿ ಬೆಳೆಯುವ ಮಳೆಯಾಶ್ರಿತ ಹೊಲ ಬೇಸಿಗೆಯ ಚಿತ್ರದಲ್ಲಿ ಬಯಲಂತೆ ಕಾಣುತ್ತದೆ, ಇದರಿಂದಲೇ ಅರ್ಜಿ ಕಳೆದುಕೊಂಡವರು ಬೇಕಾದಷ್ಟಿದ್ದಾರೆ.

ನಿಮ್ಮಂಥ ಹಟ್ಟಿಗೆ ಕಾಗದಕ್ಕಿಂತ ನೆಲದ ಮೇಲಿನ ಗುರುತುಗಳೇ ಹೆಚ್ಚು. ಹಳೆಯ ರೊಪ್ಪದ (ಕುರಿದೊಡ್ಡಿಯ) ಕಲ್ಲುಗೋಡೆ, ಕುರಿಗೆ ನೀರು ಕುಡಿಸುವ ಕಟ್ಟೆ, ಸಮಾಧಿಗಳು, ಕಾಡಿನೊಳಗಿರುವ ದೇವರ ಗುಡಿ, ಹರಕೆಯ ಮರ, ದೇವರೆತ್ತುಗಳನ್ನು ಮೇಯಿಸುವ ಬಯಲು. ನಿಯಮದಲ್ಲಿ ಬಾವಿ, ಸಮಾಧಿ, ಪವಿತ್ರ ಸ್ಥಳ ಎಂದು ಹೆಸರಿಟ್ಟೇ ಹೇಳಿದ್ದಾರೆ. ಒಂದೊಂದರ ಮುಂದೆಯೂ ಹಿರಿಯರೊಬ್ಬರನ್ನು ನಿಲ್ಲಿಸಿ ಫೋಟೊ ತೆಗೆದು, ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಬರೆದಿಟ್ಟುಕೊಳ್ಳಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆಸಿದರೆ ಅದೂ ಸಾಕ್ಷ್ಯ. ನಿಮ್ಮ ಹಟ್ಟಿಯಲ್ಲಿ ಎಲ್ಲರೂ ಅರ್ಜಿದಾರರೇ ಆದರೆ, ಮಂದೆ ಹಾಕಿಸಿಕೊಂಡು ಹೊಲಕ್ಕೆ ಗೊಬ್ಬರ ಪಡೆಯುತ್ತಿದ್ದ ಪಕ್ಕದೂರಿನ ಹಿರಿಯ ರೈತರನ್ನು ಕೇಳಿ. ಅವರ ಮಾತಿಗೆ ತೂಕ ಹೆಚ್ಚು.

ಕಾಗದದ ಕಡೆ, ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಹಳೆಯ ಗ್ರಾಮನಕ್ಷೆ ಸಿಗುತ್ತದೆ. ಅದರಲ್ಲಿ ‘ಗೊಲ್ಲರಹಟ್ಟಿ’ ಎಂದು ಗುರುತಿದ್ದರೆ ಅರ್ಧ ಕೆಲಸ ಆದಂತೆ. ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನ ಕೈಬರಹ ಪಹಣಿ, 1951–52ರ ಚುನಾವಣೆಯಿಂದ ಈಚಿನ ಮತದಾರರ ಪಟ್ಟಿಗಳು, ಶಾಲೆಯ ದಾಖಲಾತಿ ರಿಜಿಸ್ಟರ್, ಮನೆ ಕಂದಾಯದ ರಸೀದಿ, ಮೇಯಿಸುವುದಕ್ಕೆ ಅರಣ್ಯ ಇಲಾಖೆಗೆ ಫೀ ಕಟ್ಟಿದ ಹಳೆಯ ರಸೀದಿ. 2005ಕ್ಕೆ ಮುಂಚೆ ನಿಮ್ಮ ಹಿರಿಯರ ಮೇಲೆ ಅರಣ್ಯ ಮೊಕದ್ದಮೆ ಹಾಕಿದ್ದರೆ, ದಂಡ ಕಟ್ಟಿಸಿಕೊಂಡಿದ್ದರೆ ಅದನ್ನು ಮುಚ್ಚಿಡಬೇಡಿ. ಅಂದು ನೀವು ಅಲ್ಲಿದ್ದಿರಿ ಎಂದು ಇಲಾಖೆಯೇ ಬರೆದ ದಾಖಲೆ ಅದು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಗೊಲ್ಲರಲ್ಲಿ ಊರುಗೊಲ್ಲ, ಕಾಡುಗೊಲ್ಲ ಎಂಬ ಭೇದ ಇದೆ. ಗೆಜೆಟಿಯರ್ ನಿಯಮದ ಪ್ರಕಾರ ಸಾಕ್ಷ್ಯವೇ, ಆದರೆ ಅದು ಸಮುದಾಯದ ಬಗ್ಗೆ ಹೇಳುತ್ತದೆಯೇ ಹೊರತು ನಿಮ್ಮ ಹಟ್ಟಿಯ ಬಗ್ಗೆ ಅಲ್ಲ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ವಂಶವೃಕ್ಷವನ್ನು ಆ ಹಳೆಯ ದಾಖಲೆಗಳಲ್ಲಿರುವ ಹೆಸರಿನವರೆಗೆ ಒಯ್ದು ಮುಟ್ಟಿಸಿ. ಒಂದೇ ಹೆಸರು ಚಿಕ್ಕ, ದೊಡ್ಡ ಎಂದು ಮೂರು ತಲೆಮಾರಿನಲ್ಲಿ ಮರುಕಳಿಸುವುದು ನಮ್ಮಲ್ಲಿ ಮಾಮೂಲು, ಅಲ್ಲಿ ಗೊಂದಲವಾಗದಂತೆ ಬರೆಯಿರಿ.

ಒಂದು ಎಚ್ಚರ. ಇದೇ ಜಮೀನಿಗೆ ಬಗರ್‌ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮದ) ಫಾರಂ 57 ಹಾಕಿದ್ದೀರಾ ನೋಡಿ. ಹಾಕಿದ್ದರೆ ಅದರಲ್ಲಿ ‘ಎಷ್ಟು ವರ್ಷದಿಂದ ಸ್ವಾಧೀನ’ ಎಂಬಲ್ಲಿ ಏನು ಬರೆದಿದ್ದೀರಿ? ಏಜೆಂಟರು ತಮಗೆ ತೋಚಿದ ಇಸವಿ ಬರೆದಿರುತ್ತಾರೆ, ಆಮೇಲೆ ಅದೇ ನಿಮಗೆ ಎದುರು ನಿಲ್ಲುತ್ತದೆ. ಫಾರಂ 57 ಕಂದಾಯ ಭೂಮಿಗೆ, ಅರಣ್ಯಕ್ಕೆ ಅಲ್ಲ. ನಿಮ್ಮ ಜಮೀನು ಅರಣ್ಯವೋ, ಗೋಮಾಳವೋ, ಕಾವಲೋ ಎಂಬುದು ಜಂಟಿ ಸರ್ವೆಯಲ್ಲಿ ಮೊದಲು ತೀರ್ಮಾನವಾಗಲಿ. ಗೋಮಾಳವೆಂದು ಬಂದರೆ ದಾರಿಯೇ ಬೇರೆ, ಅರಣ್ಯ ಹಕ್ಕು ಕಾಯ್ದೆ ಅಲ್ಲಿ ಸಾಮಾನ್ಯವಾಗಿ ನೆರವಿಗೆ ಬರುವುದಿಲ್ಲ. ಮತ್ತೊಂದು: ಕಾಯ್ದೆಯಲ್ಲಿ ಗರಿಷ್ಠ 4 ಹೆಕ್ಟೇರ್, ಅಂದರೆ ಸುಮಾರು 9 ಎಕರೆ 35 ಗುಂಟೆ ಎಂದಿರುವುದನ್ನು ಕೇಳಿ ಬದು ಮುಂದಕ್ಕೆ ಒತ್ತಬೇಡಿ. ಸಿಗುವುದು 2005ರಲ್ಲಿ ಉಳುತ್ತಿದ್ದಷ್ಟೇ. ಹೊಸದಾಗಿ ಕಡಿದ ಒಂದು ಗುಂಟೆ ಇಡೀ ಹಟ್ಟಿಯ ಅರ್ಜಿಗೆ ಕೆಟ್ಟ ಹೆಸರು ತರುತ್ತದೆ.

ಮೇವಿನ ಹಕ್ಕು ಜಮೀನಿಗಿಂತ ದೊಡ್ಡದು

ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡದ್ದು, ಅಪ್ಪ ಜಮೀನಿಗೆ ಅರ್ಜಿ ಹಾಕಿದ್ದಾರೆ, ಮೇವಿಗೆ ಹಟ್ಟಿಯಿಂದ ಯಾರೂ ಹಾಕಿಲ್ಲ. ಎರಡೆಕರೆ ರಾಗಿ ಒಂದು ಮನೆಯದು. ಕಾಡಿನ ಮೇವು 38 ಮನೆಯದು. ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(1)ರ ‘ಡಿ’ ಉಪಖಂಡದಲ್ಲಿ ಮೇಯಿಸುವ ಹಕ್ಕು ಇದೆ. ಒಂದೇ ಕಡೆ ನೆಲೆಸಿದವರಿಗೂ ವಲಸೆ ಹೋಗುವ ಕುರಿಗಾಹಿಗಳಿಗೂ ಅದು ಅನ್ವಯಿಸುತ್ತದೆ. ‘ಸಿ’ಯಲ್ಲಿ ಸೀತಾಫಲ, ಹುಣಸೆ, ಹೊಂಗೆಬೀಜ, ಬೇವಿನಬೀಜ, ಜೇನಿನಂಥ ಕಿರು ಅರಣ್ಯ ಉತ್ಪನ್ನದ ಹಕ್ಕು. ‘ಐ’ನಲ್ಲಿ ತಮ್ಮ ಸಾಂಪ್ರದಾಯಿಕ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು. ಮೇವು ಮುಂತಾದವಕ್ಕೆ ನಮೂನೆ ಬಿ, ಕಾಡನ್ನು ನಿರ್ವಹಿಸುವ ಹಕ್ಕಿಗೆ ನಮೂನೆ ಸಿ. ವೈಯಕ್ತಿಕ ಜಮೀನಿನ ನಮೂನೆ ಎ ಜೊತೆ ಇವನ್ನು ಬೆರೆಸಬೇಡಿ. ಎ ಅರ್ಜಿಯ ಜಗಳದಲ್ಲಿ ಬಿ ಮತ್ತು ಸಿ ಮೂಲೆಗೆ ಬೀಳುತ್ತವೆ. ಸಮುದಾಯ ಹಕ್ಕಿಗೆ ಕಾಯ್ದೆಯಲ್ಲಿ ಕೊನೆಯ ದಿನಾಂಕ ಎಂಬುದಿಲ್ಲ, ಇವತ್ತೂ ಹಾಕಬಹುದು.

ಅರ್ಜಿ ಹಾಳಾಗುವುದು ಬಹಳ ಸಲ ಗ್ರಾಮಸಭೆಯಲ್ಲೇ. ಪಂಚಾಯ್ತಿಯವರು ಏಳೆಂಟು ಊರು ಸೇರಿಸಿ ಒಂದೇ ಸಭೆ ಮಾಡುತ್ತಾರೆ. ಕೋರಂ ಅರ್ಧದಷ್ಟು ಸದಸ್ಯರು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಬೇಕು. ಹಕ್ಕಿನ ಅರ್ಜಿಗಳ ಮೇಲೆ ತೀರ್ಮಾನವಾಗುವಾಗ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧ ಜನ ಅಲ್ಲಿರಬೇಕು. ಏಳು ಊರಿನ ಅರ್ಧ ಜನ ನಿಮ್ಮ ಮೇವಿಗಾಗಿ ಬರುವುದಿಲ್ಲ. ಇದಕ್ಕೆ ನಿಯಮ 2ಎ ಇದೆ: ಹಟ್ಟಿ, ತಾಂಡಾ, ಹಾಡಿಗಳಂಥ ವಸತಿಗಳನ್ನು ಪಂಚಾಯ್ತಿ ಪಟ್ಟಿ ಮಾಡಿ, ಉಪವಿಭಾಗ ಮಟ್ಟದ ಸಮಿತಿಗೆ ಕಳಿಸಿ, ಜಿಲ್ಲಾ ಮಟ್ಟದ ಸಮಿತಿ ಅದನ್ನು ಅಂತಿಮಗೊಳಿಸಿದ ಮೇಲೆ ಈ ಕಾಯ್ದೆಯ ಮಟ್ಟಿಗೆ ಪ್ರತ್ಯೇಕ ಗ್ರಾಮವೆಂದು ಪರಿಗಣಿಸಬಹುದು. ಪಿಡಿಒಗೆ ಕೊಡುವ ಮೊದಲ ಪತ್ರ ಇದೇ ಆಗಿರಲಿ. ಆಮೇಲೆ ಹಟ್ಟಿಯ ಸಭೆ, ಅದರಲ್ಲಿ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ. ಮೂರನೇ ಒಂದು ಭಾಗ ಮಹಿಳೆಯರು ಕಡ್ಡಾಯ. ಊರಲ್ಲಿ ನಾಯಕ ಅಥವಾ ಬೇರೆ ಎಸ್‌ಟಿ ಕುಟುಂಬಗಳಿದ್ದರೆ ಸಮಿತಿಯಲ್ಲಿ ಮೂರನೇ ಎರಡು ಭಾಗ ಅವರಿರಬೇಕು. ಇದನ್ನು ಕಡೆಗಣಿಸಿ ರಚಿಸಿದ ಸಮಿತಿಯ ತೀರ್ಮಾನಗಳನ್ನು ಮೇಲೆ ಸುಲಭವಾಗಿ ತಳ್ಳಿಹಾಕುತ್ತಾರೆ. ಸಭೆಯನ್ನು ದೇವರ ಗುಡಿಯ ಮುಂದೆ ಇಡಬೇಡಿ. ಮುಟ್ಟಿನ ಕಟ್ಟುಪಾಡಿನಿಂದಾಗಿ ಅಂದು ಕೆಲವು ಹೆಣ್ಣುಮಕ್ಕಳು ಬರಲಾಗದೆ ಲೆಕ್ಕ ತಪ್ಪುತ್ತದೆ, ಅವರ ಮಾತೂ ತಪ್ಪಿಹೋಗುತ್ತದೆ. ಶಾಲೆಯ ಜಗಲಿ ಎಲ್ಲರಿಗೂ ಆಗುತ್ತದೆ.

ನಕ್ಷೆಗೆ ದೊಡ್ಡ ತಂತ್ರಜ್ಞಾನ ಬೇಡ. ಕುರಿ ಕಾಯುವವರೇ ಮಂದೆ ಹೋಗುವ ದಾರಿ ನಡೆದು ಹಳ್ಳ, ಗುಡ್ಡ, ಕಟ್ಟೆ, ಗುಡಿಗಳನ್ನು ಹೆಸರಿಟ್ಟು ಗುರುತಿಸಲಿ. ಮಳೆಗಾಲದ ಮೇವು, ಬೇಸಿಗೆಯ ಮೇವು, ಕುರಿ ಬಿಡದ ಜಾಗ, ಇವಕ್ಕೆ ಬೇರೆ ಬೇರೆ ಬಣ್ಣ ಹಾಕಿ. ಪಕ್ಕದ ಊರಿನವರೂ ಅದೇ ಜಾಗದಲ್ಲಿ ಮೇಯಿಸುತ್ತಿದ್ದರೆ ಅವರನ್ನು ಬಿಟ್ಟು ಗೆರೆ ಎಳೆಯಬೇಡಿ. ಎರಡೂ ಊರಿನ ಸಮಿತಿಗಳು ಒಟ್ಟಿಗೆ ಕೂತು ಬರೆದ ನಡವಳಿಯನ್ನು ಲಗತ್ತಿಸಿ. ಇಲಾಖೆಯ ಜೊತೆಗಿನ ಜಗಳಕ್ಕಿಂತ ಊರೂರಿನ ನಡುವಿನ ಜಗಳವೇ ಎಷ್ಟೋ ಅರ್ಜಿಗಳನ್ನು ಕೆಡಿಸಿದೆ.

ಸ್ಥಳ ತನಿಖೆಗೆ ಅರಣ್ಯ, ಕಂದಾಯ ಇಲಾಖೆಗೆ ಸಮಿತಿಯೇ ದಿನಾಂಕ ಕೊಟ್ಟು ತಿಳಿಸಬೇಕು, ಅವರು ಬಂದು ರುಜು, ಹುದ್ದೆ, ದಿನಾಂಕ ಹಾಕಬೇಕು. ಬರದೆ ಹೋಗಿ ಆಮೇಲೆ ಆಕ್ಷೇಪಿಸಿದರೆ ಅರ್ಜಿ ಗ್ರಾಮಸಭೆಗೆ ಮರುತನಿಖೆಗೆ ಬರುತ್ತದೆ. ಎರಡನೆಯ ಸಲವೂ ಬರದಿದ್ದರೆ ಸ್ಥಳದ ಬಗ್ಗೆ ಗ್ರಾಮಸಭೆ ಹೇಳಿದ್ದೇ ಅಂತಿಮ. ಅದಕ್ಕೇ ನೀವು ಕಳಿಸುವ ಪ್ರತಿ ಪತ್ರಕ್ಕೂ ಸ್ವೀಕೃತಿ ಬೇಕು. ಗಂಡಸರು ಮಂದೆ ಹೊಡೆದುಕೊಂಡು ವಲಸೆ ಹೋಗಿರುವ ತಿಂಗಳಲ್ಲಿ ತನಿಖೆ ಇಟ್ಟರೆ ಒಪ್ಪಬೇಡಿ. ಕುರಿಗಾಹಿಗಳು ಊರಲ್ಲಿರುವ ಕಾಲದಲ್ಲೇ ಅವರ ಅರ್ಜಿ ಪರಿಶೀಲಿಸಬೇಕೆಂದು ನಿಯಮ 12 ಹೇಳುತ್ತದೆ.

ಮೇಲಿನ ಹಂತದಲ್ಲಿ ತಡವಾಗುತ್ತದೆ, ಅದಕ್ಕೆ ಸಿದ್ಧರಾಗಿರಿ. ಉಪವಿಭಾಗ, ಜಿಲ್ಲಾ ಸಮಿತಿಗಳಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯ್ತಿಯ ಮೂರು ಚುನಾಯಿತ ಸದಸ್ಯರು ಇರಬೇಕು. 2021ರಲ್ಲಿ ಆ ಪಂಚಾಯ್ತಿಗಳ ಅವಧಿ ಮುಗಿದ ಮೇಲೆ ಚುನಾವಣೆ ಮುಂದಕ್ಕೆ ಹೋಗುತ್ತಾ ಬಂದು ಜನರ ಕಡೆಯ ಕುರ್ಚಿಗಳೇ ಖಾಲಿ ಬಿದ್ದವು. ಅಧಿಕಾರಿಗಳಷ್ಟೇ ಕೂತು ತಿರಸ್ಕರಿಸಿದ ತೀರ್ಮಾನವಿದ್ದರೆ ಅದನ್ನು ಮೇಲ್ಮನವಿಯಲ್ಲಿ ಎತ್ತಿ ಹೇಳಿ.

ಹಕ್ಕು ದಾಖಲಾಗುವವರೆಗೆ ಮಂದೆ ಎಲ್ಲಿಗೆ?

ಅಭಯಾರಣ್ಯ ಎಂದೊಡನೆ ಮೇಯಿಸುವುದು ತಾನಾಗಿಯೇ ನಿಷಿದ್ಧವಾಗುವುದಿಲ್ಲ. ರಾಷ್ಟ್ರೀಯ ಉದ್ಯಾನದಲ್ಲಿ ನಿಷಿದ್ಧ. ಅಭಯಾರಣ್ಯದಲ್ಲಿ ವನ್ಯಜೀವಿ ಕಾಯ್ದೆಯ ಸೆಕ್ಷನ್ 33ರಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಅದನ್ನು ನಿಯಂತ್ರಿಸಬಹುದು ಅಥವಾ ನಿಷೇಧಿಸಬಹುದು. ಹಾಗಾದರೆ ನಿಮ್ಮ ಕಾಡಿನ ಬಗ್ಗೆ ಲಿಖಿತ ಆದೇಶ ಏನಿದೆ ಎಂದು ಕೇಳಿ ಪಡೆಯಿರಿ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಸತ್ತ ಮೇಲೆ ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯುವ ಸೂಚನೆಗಳು ಬಿಗಿಯಾದವು. ಅದರ ಬಿಸಿ ನಿಮ್ಮ ಕಡೆಗೂ ತಟ್ಟಿರುತ್ತದೆ. ಆದ್ದರಿಂದ ಸದ್ಯಕ್ಕೆ ಗಾರ್ಡ್ ಜೊತೆ ಮಾತಿಗೆ ಮಾತು ಬೆಳೆಸಿ ಮಂದೆಯನ್ನು ಒಳಕ್ಕೆ ನುಗ್ಗಿಸುವುದು ಬೇಡ. ಮೀಸಲು ಅರಣ್ಯದಲ್ಲಿ ಅಕ್ರಮವಾಗಿ ಮೇಯಿಸುವುದು ಅರಣ್ಯ ಕಾಯ್ದೆಯಲ್ಲಿ ಅಪರಾಧವೇ, ಮೊಕದ್ದಮೆ ಬಿದ್ದರೆ ವರ್ಷಗಟ್ಟಲೆ ಶಿರಾ ಕೋರ್ಟಿಗೆ ಅಲೆಯುವವನು ಕುರಿ ಕಾಯುವ ಹುಡುಗ. ದಂಡ ಕಟ್ಟಿದರೆ ರಸೀದಿ ಪಡೆಯಿರಿ. ರಸೀದಿ ಇಲ್ಲದ ದಂಡ ಕಟ್ಟಬೇಡಿ.

ಈ ನಡುವಿನ ಕಾಲಕ್ಕೆ ಎರಡು ದಾರಿಗಳಿವೆ. ಒಂದು, ಗೋಮಾಳ. ಭೂಕಂದಾಯ ನಿಯಮದಲ್ಲಿ ನೂರು ಜಾನುವಾರಿಗೆ 30 ಎಕರೆ ಎಂಬ ಅಳತೆ ಇದೆ. ನಿಮ್ಮ ಗ್ರಾಮದ ಗೋಮಾಳ ಎಷ್ಟಿತ್ತು, ಈಗ ಎಷ್ಟು ಉಳಿದಿದೆ, ಯಾರಿಗೆ ಮಂಜೂರಾಗಿದೆ ಎಂದು ತಹಶೀಲ್ದಾರರಿಂದ ಮಾಹಿತಿ ಪಡೆಯಿರಿ. ಒತ್ತುವರಿ ಸಿಕ್ಕಿದರೆ ಬಿಡಿಸಿಕೊಡಿ ಎಂದು ಕೇಳಲು ಬರುತ್ತದೆ, ಆದರೆ ಒತ್ತುವರಿ ಮಾಡಿದವರು ಊರಿನ ಬಲಿಷ್ಠರೇ ಆಗಿದ್ದರೆ ಹಟ್ಟಿಗೆ ಹೊಸ ವೈರ ಬರುತ್ತದೆ. ಅದನ್ನೂ ಯೋಚಿಸಿ. ಇನ್ನೊಂದು, ಅಭಯಾರಣ್ಯದ ಹೊರವಲಯದಲ್ಲಿ ಇಂತಿಷ್ಟು ಕುರಿಗೆ, ಇಂತಿಂಥ ತಿಂಗಳು ಅನುಮತಿ ಕೊಡಿ ಎಂದು ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಲಿಖಿತ ಮನವಿ. ಇದರಲ್ಲೊಂದು ಅಪಾಯವಿದೆ: ಅನುಮತಿ ಇವತ್ತು ಕೊಟ್ಟು ನಾಳೆ ಹಿಂಪಡೆಯುವಂಥದ್ದು, ಹಕ್ಕಲ್ಲ. ‘ಅರಣ್ಯ ಹಕ್ಕು ಕಾಯ್ದೆಯ ನಮ್ಮ ಅರ್ಜಿಗೆ ಬಾಧೆ ಬರದಂತೆ’ ಎಂಬ ಸಾಲನ್ನು ಮನವಿಯಲ್ಲಿ ಸೇರಿಸಿಯೇ ಕೊಡಿ.

ಇಲಾಖೆಯ ಆತಂಕ ಸುಳ್ಳಲ್ಲ ಎಂಬುದನ್ನು ಹಟ್ಟಿಯೂ ಒಪ್ಪಬೇಕು. ಚಿಂಕಾರ, ಕೃಷ್ಣಮೃಗ, ತೋಳ ಇವು ದಟ್ಟ ಕಾಡಿನ ಪ್ರಾಣಿಗಳಲ್ಲ, ಕುರುಚಲು ಮತ್ತು ಹುಲ್ಲುಗಾವಲಿನವು. ಅಮೃತಮಹಲ್ ಕಾವಲುಗಳಂಥ ಮೇಯುವ ಬಯಲುಗಳು ಉಳಿದಿದ್ದ ಕಡೆ ಅವೂ ಉಳಿದವು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇರುವುದೂ ಅಂಥ ಬಯಲಿನಲ್ಲೇ. ಇಂಥ ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ನೀಲಗಿರಿ, ಅಕೇಶಿಯಾ ನೆಟ್ಟು ಅದನ್ನೇ ಅರಣ್ಯಾಭಿವೃದ್ಧಿ ಎಂದದ್ದು ಈ ಪ್ರಾಣಿಗಳಿಗೆ ಕುರಿಗಿಂತ ಹೆಚ್ಚು ಕೆಡುಕು ಮಾಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಚಿಕ್ಕನಾಯಕನಹಳ್ಳಿ ಕಡೆಯ ಅದಿರಿನ ಗಣಿಗಳನ್ನು ನಿಲ್ಲಿಸಲು 2011ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಲಾರಿಗೆ ದಾರಿ ಬಿಟ್ಟ ಕಾಡಿನಲ್ಲಿ ಕುರಿಗೆ ಮಾತ್ರ ಬೇಲಿ ಹಾಕುವುದು ನ್ಯಾಯವಲ್ಲ. ಹಾಗೆಂದು ಸಾವಿರ ಕುರಿ ವರ್ಷವಿಡೀ ಒಂದೇ ಗುಡ್ಡ ಮೇದರೆ ಹುಲ್ಲು ಬೀಜ ಕಟ್ಟುವುದಿಲ್ಲ, ತಂಗಡಿ, ಲಾಂಟಾನ ಮಾತ್ರ ಉಳಿಯುತ್ತವೆ. ಆಗ ಚಿಂಕಾರಕ್ಕೂ ಇಲ್ಲ, ಕುರಿಗೂ ಇಲ್ಲ.

ಹಾಗಾಗಿ ಅರ್ಜಿಯ ಜೊತೆಗೇ ಹಟ್ಟಿಯ ಕಟ್ಟುಪಾಡುಗಳನ್ನು ಗ್ರಾಮಸಭೆಯ ನಿರ್ಣಯವಾಗಿ ಬರೆಯಿರಿ. ಮೇವಿನ ಜಾಗವನ್ನು ಮೂರು ಪಾಲು ಮಾಡಿ, ಮುಂಗಾರಿನಿಂದ ಹುಲ್ಲು ಬೀಜ ಉದುರಿಸುವವರೆಗೆ ಒಂದು ಪಾಲಿಗೆ ಮಂದೆ ಬಿಡದಿರುವುದು, ವರ್ಷಕ್ಕೊಂದು ಪಾಲು ಸರದಿ. ಹೊಸ ಹುಲ್ಲಿಗೆಂದು ಬೆಂಕಿ ಇಡುವುದಿಲ್ಲ, ಇಟ್ಟವರಿಗೆ ಹಟ್ಟಿಯಲ್ಲೇ ದಂಡ. ಮೇಕೆಗೆ ಮರದ ತುದಿ ಕಡಿಯುವುದಿಲ್ಲ. ಮಂದೆಯ ಜೊತೆ ಬರುವ ನಾಯಿ ಚಿಂಕಾರ ಮರಿಗಳನ್ನು ಅಟ್ಟಿ ಕೊಲ್ಲಬಹುದು. ಅಭಯಾರಣ್ಯದ ಒಳಗೆ ನಾಯಿಯನ್ನು ಹಗ್ಗದಲ್ಲಿ ಹಿಡಿದೇ ಒಯ್ಯಬೇಕು, ಅದಕ್ಕೆ ರೇಬಿಸ್ ಲಸಿಕೆಯೂ ಆಗಿರಬೇಕು. ಉರುಳು ಸಿಕ್ಕಿದರೆ ಕಿತ್ತು ಇಲಾಖೆಗೆ ಒಪ್ಪಿಸುವುದು. ಬೇಟೆಯ ಹಕ್ಕು ಅರಣ್ಯ ಹಕ್ಕು ಕಾಯ್ದೆಯಲ್ಲಿ ಯಾರಿಗೂ ಇಲ್ಲ. 2022ರ ತಿದ್ದುಪಡಿಯ ನಂತರ, ಅರಣ್ಯ ಹಕ್ಕು ಕಾಯ್ದೆ ಅನ್ವಯವಾಗುವ ಕಡೆ ಅಭಯಾರಣ್ಯದ ನಿರ್ವಹಣಾ ಯೋಜನೆಯನ್ನು ಗ್ರಾಮಸಭೆಯೊಡನೆ ಸಮಾಲೋಚಿಸಿಯೇ ಮಾಡಬೇಕೆಂದು ವನ್ಯಜೀವಿ ಕಾಯ್ದೆ ಹೇಳುತ್ತದೆ. ನಿಮ್ಮ ನಿರ್ಣಯದ ಪ್ರತಿಯನ್ನು ಆ ಯೋಜನೆಗೆ ಸೇರಿಸಿ ಎಂದು ಕೇಳಿ.

ಲಸಿಕೆಯ ವಿಷಯ ತಪ್ಪಿಸಬೇಡಿ. ಸೆಕ್ಷನ್ 33ಎ ಪ್ರಕಾರ ಲಸಿಕೆ ಹಾಕಿಸದ ಯಾವ ಜಾನುವಾರನ್ನೂ ಅಭಯಾರಣ್ಯದೊಳಕ್ಕೆ ಬಿಡುವಂತಿಲ್ಲ, 5 ಕಿಲೋಮೀಟರ್ ಸುತ್ತಿನ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಹೊಣೆ ಮುಖ್ಯ ವನ್ಯಜೀವಿ ಪರಿಪಾಲಕರದು. ಪಿಪಿಆರ್ (ಕುರಿ, ಮೇಕೆಗಳ ಒಂದು ಸಾಂಕ್ರಾಮಿಕ ರೋಗ), ಕಾಲುಬಾಯಿ ಜ್ವರ ಇವು ಕುರಿಯಿಂದ ಕಾಡುಪ್ರಾಣಿಗೂ ಹರಡುವಂಥವು. ಪಶು ಆಸ್ಪತ್ರೆಯಲ್ಲಿ ಪಿಪಿಆರ್, ಕಾಲುಬಾಯಿ, ಕುರಿ ಸಿಡುಬು, ಕರುಳುಬೇನೆಗೆ ಲಸಿಕೆ ಹಾಕಿಸಿ, ಮನೆವಾರು ಕುರಿ ಲೆಕ್ಕ, ಲಸಿಕೆಯ ಹೆಸರು, ದಿನಾಂಕಗಳಿರುವ ಒಂದು ರಿಜಿಸ್ಟರ್ ಇಟ್ಟು ವೈದ್ಯರ ರುಜು, ಸೀಲು ಪಡೆಯಿರಿ. ಅದು ಕಾನೂನು ಪಾಲಿಸಿದ್ದಕ್ಕೆ ಸಾಕ್ಷಿ. ನಿಮ್ಮ ಮಂದೆ ಅಲ್ಲಿಯೇ ಮೇಯುತ್ತದೆ ಎಂಬುದಕ್ಕೆ ಸರ್ಕಾರಿ ದಾಖಲೆಯೂ ಹೌದು.

ಕಾಡು ಬಿಟ್ಟು ಹೋದರೆ ಪರಿಹಾರ ಕೊಡುತ್ತೇವೆ ಎಂದು ಯಾರಾದರೂ ಬಂದರೆ, ಹಕ್ಕು ದಾಖಲಾಗುವ ಮೊದಲು ಆ ಮಾತಿಗೆ ಕೂರಬೇಡಿ. ಕೈಯಲ್ಲಿ ಹಕ್ಕುಪತ್ರ ಇಲ್ಲದವನಿಗೆ ಸಿಗುವುದು ಒತ್ತುವರಿದಾರನ ಲೆಕ್ಕದ ಪರಿಹಾರ. ಹಕ್ಕು ದಾಖಲಾದ ಮೇಲೆ ವನ್ಯಜೀವಿಗಾಗಿ ಸ್ಥಳಾಂತರಿಸಬೇಕಾದರೂ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(2)ರಲ್ಲಿ ಹೇಳಿದಂತೆ, ಜೊತೆಯಾಗಿ ಬದುಕುವ ಬೇರೆ ದಾರಿ ಇಲ್ಲವೆಂದು ಮೊದಲು ತೀರ್ಮಾನವಾಗಬೇಕು, ಆಮೇಲೆ ಗ್ರಾಮಸಭೆಯ ಲಿಖಿತ ಒಪ್ಪಿಗೆ ಬೇಕು.

ಹಕ್ಕುಪತ್ರ ಕೈಗೆ ಬಂದ ದಿನ ಓದಿ ನೋಡಿ. ಜಮೀನಿನದು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು, ವಿಸ್ತೀರ್ಣ ಮಹಜರಿನ ಪ್ರಕಾರ ಇರಬೇಕು, ನಕ್ಷೆ ಲಗತ್ತಾಗಿರಬೇಕು. ಅದು ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಸಮುದಾಯದ್ದು ಗ್ರಾಮಸಭೆಯ ಹೆಸರಿನಲ್ಲಿರಬೇಕು, ಅರಣ್ಯ ಇಲಾಖೆಯ ಗ್ರಾಮ ಅರಣ್ಯ ಸಮಿತಿಯ ಹೆಸರಿನಲ್ಲಿ ಅಲ್ಲ. ‘ಇಲಾಖೆಯ ಅನುಮತಿಗೆ ಒಳಪಟ್ಟು’ ಎಂಬ ಸಾಲು ಇದ್ದರೆ ಆ ಸಾಲಿನ ಮಟ್ಟಿಗೆ ತಡಮಾಡದೆ ಜಿಲ್ಲಾಧಿಕಾರಿಗೆ ಆಕ್ಷೇಪ ಬರೆಯಿರಿ.